ಅರ್ಧದ ಗೆರೆ

ಐಟಿಐ ಮುಗಿಸಿ ಪೊನ್ನಂಪೇಟೆಯ ವರ್ಕ್‌ಶಾಪಿಗೆ ಸೇರಿದ ದೀಕ್ಷಿತಾಳಿಗೆ ಲೋಹ ಕಡೆಯುವ ಲೇತ್ ಮುಟ್ಟಲು ಯಜಮಾನ ಕುಶಾಲಪ್ಪ ಆರು ತಿಂಗಳಾದರೂ ಬಿಟ್ಟಿರಲಿಲ್ಲ. ಅಂದು ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆಂದು ಅವರು ಕಡೆದ ಶಾಫ್ಟು ಬೇರಿಂಗಿನೊಳಗೆ ಹೋಗಲೇ ಇಲ್ಲ. ಎರಡು ಬೇರಿಂಗ್ ಬದಲಾಯಿಸಿ, ಅವನ್ನು ಮಾಡಿದವರ ವಂಶವನ್ನೆಲ್ಲ ಬೈದದ್ದಾಯಿತು. ಎಸ್ಟೇಟಿನಲ್ಲಿ ಕುಯ್ದ ಹಣ್ಣು ಹುಳಿಯುತ್ತಿತ್ತು.

ದೀಕ್ಷಿತಾ ಮೈಕ್ರೋಮೀಟರ್ ಹಿಡಿದು ಶಾಫ್ಟಿನ ದಪ್ಪ ಅಳೆದು ನೋಡಿದಳು. "ಮಾವ, ಇದು ಇಪ್ಪತ್ತೈದಲ್ಲ, ಇಪ್ಪತ್ತೈದೂವರೆ ಮಿಲಿಮೀಟರ್. ಮೈಕ್ರೋಮೀಟರಿನ ಅರ್ಧದ ಗೆರೆ ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದೀರಿ."

"ನಲವತ್ತು ವರ್ಷದಿಂದ ನೋಡ್ತಿದ್ದೇನೆ, ಕೂಸೇ."

"ಕನ್ನಡಕ ಹಾಕ್ಕೊಂಡು ನೋಡಿದ್ದು ಯಾವಾಗ?"

ಕನ್ನಡಕವೆಂದರೆ ಮುಪ್ಪಿಗೆ ಶರಣಾದಂತೆ ಎಂದು ನಂಬಿದ್ದ ಕುಶಾಲಪ್ಪ, ಶಾಫ್ಟಿಗಾಗಿ ಕಾದು ನಿಂತಿದ್ದ ಎಸ್ಟೇಟಿನ ಗುಮಾಸ್ತ ರೈಟರನ ಎದುರೇ ಅದನ್ನು ಹಾಕಿಕೊಂಡರು. ಗೆರೆ ಕಂಡಿತು. ಲೇತಿನಿಂದ ಸರಿದು ನಿಂತರು. ದೀಕ್ಷಿತಾ ಕಡೆದು, ಅಳೆದು, ಮತ್ತೆ ಕೂದಲೆಳೆಯಷ್ಟು ಕಡೆದಳು. ಬೇರಿಂಗ್ ಬಿಗಿಯಾಗಿ ಕೂತಿತು.

"ರಿಪೇರಿಗೆ ಇನ್ನೊಂದು ಪಲ್ಪರ್ ಉಂಟು," ಎಂದ ರೈಟರ್. "ಯಾರಿಗೆ ಕೊಡ್ಲಿ?"

"ಇವಳಿಗೆ," ಎಂದರು ಕುಶಾಲಪ್ಪ.