ನನ್ನ ಬರಹ, ಅವಳ ದನಿಯಲ್ಲಿ

೨೦೧೪ರ ಜುಲೈ ೧೨, ಶನಿವಾರ, ಸಂಜೆ ನಾಲ್ಕೂಕಾಲು. ಸಂಜಯನಗರದ ಪಾರ್ಕಿನಲ್ಲಿ ನಮ್ಮ ಪುಸ್ತಕದ ಗುಂಪು ಮೊದಲ ಸಲ ಸೇರಿತು. ಎರಡನೇ ಪಿಯುಸಿಯ ನಾಲ್ವರು: ನಾನು, ತರಗತಿಯ ಇಬ್ಬರು ಹುಡುಗರು, ಜಕ್ಕೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಗೆಳತಿ. ಒಂದು ಪುಸ್ತಕ ಓದುವುದು, ಅದರ ಬಗ್ಗೆ ಬರೆದು ತಂದು ಓದಿ ಹೇಳುವುದು, ಉಳಿದವರು ಅಭಿಪ್ರಾಯ ಕೊಡುವುದು.

ಯಾರು ಎಷ್ಟು ಸಲ ಮಾತಾಡಿದರೆಂದು ನಾನು ಡೈರಿಯಲ್ಲಿ ಗೆರೆ ಹಾಕುತ್ತಿದ್ದೆ. ಏಳು ಶನಿವಾರಗಳ ನಂತರ ನನ್ನದು ಅರವತ್ಮೂರು, ಹುಡುಗರದು ಐವತ್ತೊಂದು ಮತ್ತು ನಲವತ್ತೆಂಟು. ಜಕ್ಕೂರಿನವಳದು ನಾಲ್ಕು. ಅದರಲ್ಲೂ ಮೂರು, "ನಂಗೆ ಬಸ್ಸಿಗೆ ಹೊತ್ತಾಯ್ತು" ಎಂಬುದು. ಇವಳನ್ನು ಗುಂಪಿನಲ್ಲಿ ಯಾಕೆ ಇಟ್ಟುಕೊಳ್ಳಬೇಕು ಎಂದೂ ಬರೆದಿದ್ದೆ.

ಆಗ ನನ್ನ ತಲೆಯಲ್ಲಿದ್ದದ್ದು ಒಂದೇ. ಒಂದು ಕಾದಂಬರಿಯ ಬಗ್ಗೆ ಬರೆದ ನನ್ನ ಲೇಖನ ಕಾಲೇಜು ಪತ್ರಿಕೆಯಲ್ಲಿ ಬರಬೇಕು. ಅದನ್ನು ಗುಂಪಿನಲ್ಲಿ ಎರಡು ಸಲ ಓದಿದ್ದೆ, ಹುಡುಗರು ಎರಡು ಸಲವೂ "ಸೂಪರ್ ಮಗಾ" ಎಂದಿದ್ದರು. ಕನ್ನಡ ಮೇಷ್ಟ್ರು ಎರಡು ಸಲವೂ ವಾಪಸು ಕೊಟ್ಟಿದ್ದರು. ಲೇಖನ ಕೊಡಲು ಸೆಪ್ಟೆಂಬರಿನ ಮೊದಲ ಸೋಮವಾರ ಕೊನೆಯ ದಿನ.

ಎಂಟನೆಯ ಶನಿವಾರ, ಗಣೇಶನ ಹಬ್ಬದ ಮರುದಿನ, ಅವಳು ಡಬ್ಬಿಯಲ್ಲಿ ಕಡುಬು ತಂದಿದ್ದಳು. ನಾನು ಅದೇ ಲೇಖನ ಮತ್ತೆ ಓದಲು ಶುರುಮಾಡುತ್ತಿದ್ದಂತೆ ಕೈ ಚಾಚಿದಳು.

"ಇಂಗೆ ಕೊಡು. ನಾನ್ ಓದ್ತೀನಿ. ನೀನು ಬಾಯಿಗೆ ಕಡುಬು ಇಟ್ಕೊಂಡು ಸುಮ್ನೆ ಕೂತ್ಕೋ."

"ಅದು ನನ್ ಲೇಖನ ಕಣೇ!"

"ಅದ್ಕೇ ಯೋಳ್ತಿರೋದು."

ಅವಳು ಜೋರಾಗಿ ಓದಿದಳು. ನಾಲಿಗೆ ತಡವರಿಸಿದ ಕಡೆಯೆಲ್ಲ ನಿಂತು ಪೆನ್ಸಿಲಿನಿಂದ ಗುರುತು ಮಾಡಿದಳು. ನಾನು ಓದುವಾಗ ರಾಗ ಎಳೆದು ಮುಚ್ಚಿಹಾಕುತ್ತಿದ್ದ ವಾಕ್ಯಗಳು ಅವಳ ಬಾಯಲ್ಲಿ ಉಸಿರು ಸಾಲದೆ ಮುರಿದುಬಿದ್ದವು. ಹನ್ನೊಂದು ಗುರುತು. "ಮಾನವೀಯ ಮೌಲ್ಯಗಳ ಅನಾವರಣ" ಎಂಬಲ್ಲಿ ಒಬ್ಬ ಹುಡುಗ ನಕ್ಕೇಬಿಟ್ಟ.

"ಸೂಪರ್ ಅಂದಿದ್ಯಲ್ಲೋ!"

"ನೀನ್ ಓದ್ದಾಗ ಅರ್ಥ ಆಗಿರ್ಲಿಲ್ಲ ಗುರು, ಅದ್ಕೇ ಸೂಪರ್ ಅಂದೆ."

ನನಗೆ ಅಳು ಬಂತು. ಅವಳು ಮಾತ್ರ ನಗಲಿಲ್ಲ.

"ಸೊಸೆಗೆ ಸಿಗ್ಬಾರ್ದು ಅಂತ ಉಪ್ಪಿನ ಡಬ್ಬಿಗೆ ಬೀಗ ಹಾಕೋ ಅತ್ತೆ ಕತೆ ಯೋಳಿ ಕಳ್ದ್ ವಾರ ನಮ್ಮುನ್ನ ನಗಿಸ್ದ್ಯಲ್ಲ, ಅವ್ಳು ಇದ್ರಲ್ಲಿ ಎಲ್ಲವ್ಳೆ?"

ಎಲ್ಲಿಯೂ ಇರಲಿಲ್ಲ. ನಾನು ಆ ಕಾದಂಬರಿಯನ್ನು ಮೆಚ್ಚಿದ್ದೇ ಆ ಅತ್ತೆಗಾಗಿ. ಬರೆಯಲು ಕೂತಾಗ ಅವಳು ಘನವಾದ ವಿಷಯ ಅನ್ನಿಸಿರಲಿಲ್ಲ.

ಭಾನುವಾರ ಪೂರ್ತಿ ಕೂತು, ಬೀಗ ಹಾಕಿದ ಉಪ್ಪಿನ ಡಬ್ಬಿಯಿಂದಲೇ ಆರಂಭಿಸಿ ಮತ್ತೆ ಬರೆದೆ. ಸೋಮವಾರ ಬೆಳಿಗ್ಗೆ ಕಾಲೇಜಿನ ಮೆಟ್ಟಿಲ ಮೇಲೆ ಅವಳಿಂದ ಓದಿಸಿದೆ. ಒಂದೇ ಗುರುತು. ಅದನ್ನೂ ತಿದ್ದಿ ಕೊಟ್ಟೆ. ಮೇಷ್ಟ್ರು ನಿಂತಲ್ಲೇ ಓದಿ, "ಇದು ನೀನೇ ಬರ್ದಿದ್ದಾ?" ಎಂದು ಕೇಳಿ, ಪುಟದ ನೆತ್ತಿಯ ಮೇಲೆ 'ಪ್ರಕಟಿಸಿ' ಎಂದು ಕೆಂಪು ಶಾಯಿಯಲ್ಲಿ ಬರೆದರು. ನಾವು ನಾಲ್ವರೂ ಕಾರಿಡಾರಿನಲ್ಲಿ ಕಿರುಚಿದ್ದಕ್ಕೆ ಬೈಸಿಕೊಂಡೆವು. ಮಾತಿಗೆ ಗೆರೆ ಹಾಕುವುದನ್ನು ಅಂದೇ ನಿಲ್ಲಿಸಿದೆ. ವರ್ಷ ಮುಗಿಯುವ ಹೊತ್ತಿಗೆ ಆ ಪಾರ್ಕಿನಿಂದ ಒಂಬತ್ತು ಲೇಖನಗಳು ಹೊರಟವು. ಎರಡು ಅವಳವು.

ಒಬ್ಬರ ಬರಹವನ್ನು ಇನ್ನೊಬ್ಬರು ಓದುವ ಈ ಕ್ರಮವನ್ನು ಅವಳು ಕಲಿತದ್ದು ಜಕ್ಕೂರಿನ ಹಳೇ ಊರಿನಲ್ಲಿ, ಜಗಲಿಯ ಮೇಲೆ ಮಕ್ಕಳಿಗೆ ಪಾಠ ಹೇಳುತ್ತಿದ್ದ ಒಬ್ಬ ಅಕ್ಕನಿಂದ. ಆ ಅಕ್ಕನಿಗೆ ಹೇಳಿಕೊಟ್ಟವರು ಯಾರೋ ನನಗೆ ಗೊತ್ತಿಲ್ಲ. ಆ ಜಗಲಿಯಲ್ಲಿ ಕೂತು ಕಲಿತವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಅಕ್ಕನ ಬಗ್ಗೆ ನನಗೆ ಎರಡು ಸಾಲು ಬರೆಯಿರಿ.