ನಮ್ಮ ಗಲ್ಲಿಯ ಮೇಲೆ ಎಳೆದ ತಂತಿ

ದಪ್ಪ ತಂತಿ ಹರಿದರೆ ದೊಡ್ಡ ಸದ್ದಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಅವತ್ತು ತಂತಿ ಹರಿಯಲಿಲ್ಲ. ಗೋಡೆ ಕಿತ್ತು ಬಂತು. ಸದ್ದೂ ಅಂಥ ದೊಡ್ಡದೇನಲ್ಲ, ಯಾರೋ ಮರಳಿನ ಮೂಟೆಯನ್ನು ನೆಲಕ್ಕೆ ಹಾಕಿದ ಹಾಗೆ. ನಾನು ತಿರುಗಿ ನೋಡುವಷ್ಟರಲ್ಲಿ ಒಬ್ಬ ಹೆಂಗಸು ಪಕ್ಕದ ತಾರಸಿಯ ಅಂಚಿನಿಂದ ಅರ್ಧ ಹೊರಗೆ ಬಂದಿದ್ದರು. ಈಗಲೂ ಎಲ್ಲಾದರೂ ಮರಳು ಇಳಿಸುವ ಸದ್ದು ಕೇಳಿದರೆ ನನ್ನ ಕೈ ತಾನಾಗಿ ಹೋಗಿ ಹತ್ತಿರದ ಬಾಗಿಲನ್ನೋ ಕಂಬವನ್ನೋ ಹಿಡಿದುಕೊಳ್ಳುತ್ತದೆ.

ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿ ಒಂದೆರಡು ವರ್ಷವಾಗಿದ್ದ ಕಾಲ. ನಾನು ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಯಜಮಾನರ ಕೆಲಸ ಶಿಡ್ಲಘಟ್ಟದಲ್ಲಿ ಇದ್ದುದರಿಂದ ಮನೆ ಅಲ್ಲಿ, ಬಸ್ಸು ದಿನವೂ ನನ್ನ ಪಾಲಿಗೆ. ನಮ್ಮದು ಮಹಡಿಯ ಬಾಡಿಗೆ ಮನೆ. ಪಕ್ಕದ್ದು ರೇಷ್ಮೆ ನೂಲು ತೆಗೆಯುವ ಫಿಲೇಚರು. ಅದರ ಮಾಲೀಕರನ್ನು ಗಲ್ಲಿಯವರೆಲ್ಲ ಭಾಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಮನೆ ಗಲ್ಲಿಯ ಆಚೆ ಬದಿಗೆ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಹಿಡಿದ ರೇಷ್ಮೆಗೂಡನ್ನು ಆ ಮನೆಯ ಮಹಡಿಯಲ್ಲಿ ಹರವುತ್ತಿದ್ದರು. ಅಲ್ಲಿಂದ ಕ್ರೇಟುಗಳಲ್ಲಿ ತುಂಬಿ ಗಲ್ಲಿ ದಾಟಿಸಿ ಫಿಲೇಚರಿಗೆ ತರಬೇಕು. ತಡ ಮಾಡುವ ಹಾಗಿಲ್ಲ, ಗೂಡಿನೊಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿ ಹೊರಬಂದರೆ ಎಳೆ ಹೋಯಿತು.

ಗಲ್ಲಿಯನ್ನು ಒಳಚರಂಡಿ ಪೈಪಿಗೆಂದು ಅಗೆದರು. ಅಗೆದ ಗುತ್ತಿಗೆದಾರ ಮತ್ತೆ ಮುಖ ತೋರಿಸಲಿಲ್ಲ. ಗಲ್ಲಿಯ ಉದ್ದಕ್ಕೂ ಆಳದ ಕಾಲುವೆ, ಅದರಲ್ಲಿ ಹಸಿರು ನೀರು. ತೆಗೆದ ಮಣ್ಣನ್ನೆಲ್ಲ ಫಿಲೇಚರಿನ ಗೋಡೆಗೆ ಒತ್ತಿ ಆಳೆತ್ತರ ಗುಡ್ಡೆ ಹಾಕಿದ್ದರು. ದಾಟಲು ಅಲ್ಲಲ್ಲಿ ಹಲಗೆ. ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿಕೊಂಡು, ಬೈದುಕೊಂಡು ದಾಟಿ ಬಸ್ ನಿಲ್ದಾಣಕ್ಕೆ ಓಡುತ್ತಿದ್ದೆ. ಪುರಸಭೆಗೆ ಕೇಳಲು ಹೋದಾಗಲೆಲ್ಲ ಪೈಪು ಬರಬೇಕು ಎಂಬ ಉತ್ತರ. ಪೈಪು ಎಲ್ಲಿಂದ ಬರಬೇಕು, ಯಾವಾಗ ಹೊರಡುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ನನಗಾದರೂ ಕೈಚೀಲ ಒಂದೇ. ಫಿಲೇಚರಿನ ಹೆಂಗಸರು ತಲೆಯ ಮೇಲೆ ಕ್ರೇಟು ಹೊತ್ತು ಅದೇ ಹಲಗೆಯ ಮೇಲೆ ಬರಬೇಕಾಗಿತ್ತು. ಅವರಲ್ಲಿ ಹಿರಿಯರಾದ ಒಬ್ಬರನ್ನು ನಾನು ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದೆ. ಮಂಡಿ ನೋವಿನವರು. ಹಲಗೆಯ ನಡುವೆ ನಿಂತುಬಿಡುತ್ತಿದ್ದರು, ಮುಂದೆಯೂ ಇಲ್ಲ ಹಿಂದೆಯೂ ಇಲ್ಲ. ಒಂದು ಸಲ ಜಾರಿ, ಕ್ರೇಟು ಸಮೇತ ಮಣ್ಣಿನ ಮೇಲೆ ಕೂತರು. ಅವತ್ತೇ ಭಾಯಿ ಮೇಲಿನಿಂದ ಸಾಗಿಸುವ ಯೋಚನೆ ಮಾಡಿದ್ದು ಎಂದು ಆಮೇಲೆ ಕೇಳಿದೆ. ಆ ಮನುಷ್ಯ ಕೆಟ್ಟವರು ಎಂದು ಯಾರಾದರೂ ಇದನ್ನು ಓದಿಕೊಂಡರೆ ನಾನು ಬರೆದದ್ದು ತಪ್ಪಾಗುತ್ತದೆ.

ಕುಡುಮಲಕುಂಟೆಯ ಯಾವುದೋ ಕಾರ್ಖಾನೆಯಿಂದ ಗುಜರಿಗೆ ಬಂದಿದ್ದ ದಪ್ಪ ಉಕ್ಕಿನ ತಂತಿ ತಂದರು. ಗೌರಿಬಿದನೂರಿನಿಂದ ವೆಲ್ಡಿಂಗ್ ಮಾಡುವವನೊಬ್ಬ ಬಂದ. ಭಾಯಿಯ ಮನೆಯ ತಾರಸಿಯಲ್ಲಿ ಒಂದು ಕಬ್ಬಿಣದ ಕಂಬ. ಫಿಲೇಚರಿನ ತಾರಸಿಯಲ್ಲಿ ಕಂಬ ನೆಡಲು ಬೇಸರಪಟ್ಟು, ಅಂಚಿನ ಮೋಟುಗೋಡೆಗೆ ದೊಡ್ಡ ಕೊಂಡಿ ಕೂರಿಸಿ ಸಿಮೆಂಟು ಮೆತ್ತಿದರು. ಎರಡರ ನಡುವೆ, ನಮ್ಮ ಗಲ್ಲಿಯ ನೆತ್ತಿಯ ಮೇಲೆ, ತಂತಿ. ಅದರ ಮೇಲೆ ರಾಟೆಯಿಂದ ತೂಗುವ ಕಬ್ಬಿಣದ ತೊಟ್ಟಿಲು. ತೊಟ್ಟಿಲಿನ ಎರಡೂ ಬದಿಗೆ ಒಂದೊಂದು ನೂಲಿನ ಹಗ್ಗ, ಈ ಕಡೆಯವರು ಎಳೆದರೆ ಈ ಕಡೆಗೆ, ಆ ಕಡೆಯವರು ಎಳೆದರೆ ಆ ಕಡೆಗೆ.

ಮೊದಲ ದಿನ ಗಲ್ಲಿಯೆಲ್ಲ ಕತ್ತೆತ್ತಿ ನಿಂತಿತ್ತು. ಟೀ ಅಂಗಡಿಯವನು, ಟಿಕೆಟ್ ಎಷ್ಟು ಭಾಯಿ, ಹಂಗೇ ನಂದಿ ಬೆಟ್ಟಕ್ಕೂ ಒಂದು ಎಳೆದ್ಬಿಡಿ ಎಂದ. ಭಾಯಿ ನಕ್ಕರು. ಫಿಲೇಚರಿನ ತಾರಸಿಯಲ್ಲಿ ನಿಂತು ಹಗ್ಗ ಎಳೆಯುವ ಕೆಲಸ ಆಪಾಗೆ ಕೊಟ್ಟರು. ಆಪಾ ಮೇಲೆ ಬಂದವರು ನನ್ನನ್ನು ನೋಡಿ, ಇನ್ನು ನಂಗೂ ಮಹಡಿ ಕೆಲಸ ಟೀಚರಮ್ಮ ಎಂದರು. ನನಗೂ ಸಂತೋಷವಾಯಿತು. ನಮ್ಮ ಮನೆಯ ಗ್ಯಾಸ್ ಸಿಲಿಂಡರು ಕೂಡ ಒಂದು ಸಲ ಅದರಲ್ಲೇ ಬಂತು.

ಆಗ ತಂತಿ ಸ್ವಲ್ಪ ಜೋತುಬಿದ್ದಿತ್ತು. ತೊಟ್ಟಿಲು ನಡುವೆ ಬಂದಾಗ ಕೆಳಕ್ಕೆ ಬಾಗಿ, ಮತ್ತೆ ಮೇಲೇರಬೇಕಿತ್ತು. ಅದನ್ನು ಭಾಯಿಗೆ ಸಹಿಸಲಾಗಲಿಲ್ಲ. ಹುಟ್ಟಿದಾಗಿನಿಂದ ಎಳೆಯ ಜೊತೆ ಬದುಕಿದವರು. ಅವರ ಚರಕದಲ್ಲಿ ಎಳೆ ಸಡಿಲಾದರೆ ನೂಲು ಗಂಟಾಗುತ್ತದೆ, ಮಾರುಕಟ್ಟೆಯಲ್ಲಿ ಕೊಳ್ಳುವವರು ಬೆರಳಲ್ಲಿ ಮುಟ್ಟಿ ಮುಖ ಸಿಂಡರಿಸುತ್ತಾರೆ. ಫಿಲೇಚರಿನಲ್ಲಿ ಯಾರನ್ನಾದರೂ ಬೈಯುವುದಿದ್ದರೆ ಅವರು ಬೈಯುತ್ತಿದ್ದುದು ಎಳೆ ಸಡಿಲ ಬಿಟ್ಟದ್ದಕ್ಕೇ. ತಂತಿಯನ್ನೂ ಹಾಗೇ ಕಂಡರು. ಕೊಂಡಿಯ ಹತ್ತಿರ ಒಂದು ತಿರುಪು ಇತ್ತು. ಸಂಜೆ ಕೆಲಸ ಮುಗಿದ ಮೇಲೆ ಮೇಲೆ ಬಂದು, ಒಂದು ಕಣ್ಣು ಮುಚ್ಚಿ ತಂತಿಯ ನೇರ ನೋಡಿ, ಸ್ಪ್ಯಾನರ್ ಹಾಕಿ ಒಂದಿಷ್ಟು ಬಿಗಿ ಮಾಡುತ್ತಿದ್ದರು. ಮರುದಿನ ಇನ್ನೊಂದಿಷ್ಟು. ಗಲ್ಲಿಯ ಫಿಲೇಚರಿನವರೆಲ್ಲ ಬಂದು ನೋಡಿ ಮೆಚ್ಚಿದರು. ಒಬ್ಬರಾದರೂ ಸಾಕು ಬಿಡಿ ಅನ್ನಲಿಲ್ಲ.

ಒಂದು ಸಂಜೆ ನಾನು ಪಕ್ಕದ ನಮ್ಮ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಾ ಭಾಯಿಗೆ ಹೇಳಿದೆ. ಜೋತುಬಿದ್ದ ತಂತಿಗೆ ಭಾರ ಹೊರುವುದು ಸುಲಭ, ನೇರ ಮಾಡಿದಷ್ಟೂ ಅದು ಎರಡು ಕಡೆಯ ಗೋಡೆಯನ್ನು ತನ್ನತ್ತ ಎಳೆಯುತ್ತದೆ, ಒಂದು ಕ್ರೇಟಿನ ಭಾರ ಗೋಡೆಗೆ ಹತ್ತು ಕ್ರೇಟಿನ ಹಾಗೆ ಆಗಬಹುದು ಎಂದೆ. ಭಾಯಿ ಗೌರವದಿಂದಲೇ ಕೇಳಿಸಿಕೊಂಡರು.

"ಮೇಡಂ, ನೀವು ಓದಿರೋರು, ಇಲ್ಲ ಅನ್ನಲ್ಲ. ಆದ್ರೆ ಸಡಿಲ ಇರೋದು ಗಟ್ಟಿ, ಬಿಗಿ ಇರೋದು ಬೀಳತ್ತೆ ಅಂತ ನಮ್ಮ ಕಸುಬಲ್ಲಿ ಯಾರಿಗಾದ್ರೂ ಹೇಳಿದ್ರೆ ನಗ್ತಾರೆ."

ಅಷ್ಟು ಹೇಳಿ ತಿರುಪಿಗೆ ಇನ್ನೊಂದು ಸುತ್ತು ಕೊಟ್ಟರು. ಪೇಪರು ಪೆನ್ನು ಹಿಡಿದು ಬರೆದು ತೋರಿಸಬೇಕು ಅನ್ನಿಸಿತು. ಯಜಮಾನರು, ಬಿಡೇ, ಅವರ ತಂತಿ ಅವರ ಗೋಡೆ ಎಂದರು.

ಮಳೆ ಬಂದು ನಿಂತ ಮರುದಿನ ಬೆಳಿಗ್ಗೆ ನಾನು ನಮ್ಮ ತಾರಸಿಯಲ್ಲಿದ್ದೆ. ಗೂಡು ಚೆನ್ನಾಗಿ ಸಿಕ್ಕಿತ್ತೆಂದು ಕಾಣುತ್ತದೆ, ಭಾಯಿ ಆಚೆ ತಮ್ಮ ತಾರಸಿಯಲ್ಲಿ ನಿಂತು ತೊಟ್ಟಿಲಿನಲ್ಲಿ ಕ್ರೇಟಿನ ಮೇಲೆ ಕ್ರೇಟು ಪೇರಿಸಿದ್ದರು. ಆಪಾ ಎಂದಿನಂತೆ ಮೋಟುಗೋಡೆಯ ಹತ್ತಿರ ನಿಂತಿದ್ದರು. ಹಗ್ಗ ಒದ್ದೆಯಾಗಿ ಜಾರುತ್ತದೆಂದು ಬಲ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ತೊಟ್ಟಿಲು ಅರ್ಧ ದಾರಿ ದಾಟಿತು. ಆಗಲೇ ಆ ಮೂಟೆ ಬಿದ್ದ ಸದ್ದು.

ಕೊಂಡಿ ಗೋಡೆಯನ್ನು ಕಿತ್ತುಕೊಂಡೇ ಹೋಯಿತು. ಆಪಾ ನಿಂತ ಕಡೆ ಗೋಡೆಯೇ ಇರಲಿಲ್ಲ. ತಂತಿ ಸತ್ತ ಹಾವಿನ ಹಾಗೆ ಗಲ್ಲಿಗೆ ಬಿತ್ತು. ತೊಟ್ಟಿಲು ಬೀಳಲಿಲ್ಲ. ಈ ಕಡೆ ಆಪಾಳ ಕೈಗೆ ಸುತ್ತಿದ ಹಗ್ಗ, ಆ ಕಡೆ ಭಾಯಿ ಹಿಡಿದ ಹಗ್ಗ, ಎರಡರ ನಡುವೆ ಅದು ತೂಗುತ್ತಿತ್ತು. ಆಪಾ ಬೋರಲು ಬಿದ್ದು, ಹೊಟ್ಟೆಯವರೆಗೆ ಹೊರಗೆ ಜಾರಿ, ಎಡಗೈಯಲ್ಲಿ ಒಡೆದ ಇಟ್ಟಿಗೆಯ ತುದಿ ಹಿಡಿದಿದ್ದರು.

ಭಾಯಿ ಎಳೆಯುತ್ತಿದ್ದರು. ಇದನ್ನೇ ನಾನು ಇಷ್ಟು ವರ್ಷ ಮತ್ತೆ ಮತ್ತೆ ನೋಡುತ್ತಿರುವುದು. ಕಾಲನ್ನು ಗೋಡೆಗೆ ಕೊಟ್ಟು, ಹಿಂದಕ್ಕೆ ಬಾಗಿ, ಮೈಯ ಶಕ್ತಿಯನ್ನೆಲ್ಲ ಹಾಕಿ ಎಳೆಯುತ್ತಿದ್ದರು. ತೊಟ್ಟಿಲನ್ನು ಮೇಲೆತ್ತಿ ಹಿಡಿದರೆ ಆಪಾಳ ಮೇಲಿನ ಭಾರ ತಪ್ಪುತ್ತದೆ ಎಂದು ಅವರು ನಂಬಿದ್ದರು. ಅವರು ಎಳೆದಷ್ಟೂ ಹಗ್ಗ ನೇರವಾಗುತ್ತಿತ್ತು, ನೇರವಾದಷ್ಟೂ ಆಪಾ ಅಂಚಿನಿಂದ ಹೊರಗೆ ಬರುತ್ತಿದ್ದರು. ನನಗೂ ಆ ತಾರಸಿಗೂ ನಡುವೆ ಒಂದು ಸಂದು. ಹಾರಬಹುದಿತ್ತೇನೋ. ನನ್ನ ಕಾಲು ಹಾರಲಿಲ್ಲ. ಕೂಗಿದೆ. ಬಿಡಿ ಭಾಯಿ, ಕೈ ಬಿಡಿ ಎಂದು ಕೂಗಿದೆ. ಅವರು ನನ್ನ ಕಡೆ ನೋಡಿದರು. ಮುಖದಲ್ಲಿ ನನಗೆ ಹುಚ್ಚು ಹಿಡಿದಿದೆ ಎಂಬ ಭಾವ. ಮತ್ತೂ ಬಿಗಿಯಾಗಿ ಹಿಡಿದರು.

ಆಪಾ ಕೂಗಿದ್ದು ಒಂದೇ ಸಲ, "ಛೋಡೋ ಭಾಯಿ."

ಭಾಯಿ ಬಿಟ್ಟರು. ತೊಟ್ಟಿಲು ಜೋಲಿ ಹೊಡೆದು ಈ ಕಡೆಗೆ ಬಂದು, ಗೋಡೆಗೆ ಒತ್ತಿ ಹಾಕಿದ್ದ ಮಣ್ಣಿನ ಗುಡ್ಡೆಯ ಮೇಲೆ ಕೂತಿತು. ಹಗ್ಗ ಸಡಿಲವಾಯಿತು. ಆಪಾ ಮೆಲ್ಲಗೆ ಹಿಂದಕ್ಕೆ ಜರುಗಿ, ಬಿಸಿಲಿಗೆ ಮುಖ ಮಾಡಿ ಮಲಗಿದರು. ಕ್ರೇಟಿನಿಂದ ಚೆಲ್ಲಿದ ಗೂಡುಗಳು ಹಸಿರು ನೀರಿನ ಮೇಲೆ ಬೆಳ್ಳಗೆ ತೇಲುತ್ತಿದ್ದವು. ಹಗ್ಗದ ಜಾಗದಲ್ಲಿ ಅವರ ಮುಂಗೈಯ ಚರ್ಮ ಇರಲಿಲ್ಲ, ಮೊಣಕೈ ಕೀಲು ತಪ್ಪಿತ್ತು. ಆಟೋ ಗಲ್ಲಿಗೆ ಬರುವಂತಿರಲಿಲ್ಲ. ಅದೇ ಹಲಗೆಗಳ ಮೇಲೆ ಅವರನ್ನು ಕುರ್ಚಿಯಲ್ಲಿ ಹೊತ್ತು ರಸ್ತೆಗೆ ತಂದು, ಅಲ್ಲಿಂದ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದರು. ಕುರ್ಚಿಯ ಮುಂದಿನ ಕಾಲು ಹಿಡಿದಿದ್ದವರು ಭಾಯಿಯೇ. ಅಳುತ್ತಿದ್ದರು.

ಸಂಜೆ ಟೀ ಅಂಗಡಿಯ ಮುಂದೆ ಜನ ಸೇರಿದ್ದರು. ಕೊಂಡಿ ಸಣ್ಣದಾಯಿತು ಎಂದರು. ಸಿಮೆಂಟು ಸರಿಯಿಲ್ಲ ಎಂದರು. ಗೌರಿಬಿದನೂರಿನವನ ವೆಲ್ಡಿಂಗು ಎಂದರು, ಅವನು ಆ ಗೋಡೆಯನ್ನು ಮುಟ್ಟಿರಲೇ ಇಲ್ಲ. ದೃಷ್ಟಿ ತಾಗಿತು ಎಂದವರೂ ಇದ್ದರು. ಬಿಗಿ ಜಾಸ್ತಿಯಾಯಿತು ಎಂದು ಒಬ್ಬರೂ ಹೇಳಲಿಲ್ಲ. ನಾನು ಹೇಳಿದಾಗ, ಪಾಪ ಮೇಡಂ ತುಂಬ ಹೆದರಿದ್ದಾರೆ ಎಂದು ನನಗೂ ಒಂದು ಟೀ ಕೊಟ್ಟರು.

ಸುಮ್ಮನಿರಲಾಗಲಿಲ್ಲ. ಮರುವಾರ ಭಾಯಿಯನ್ನು ನಮ್ಮ ತಾರಸಿಗೆ ಕರೆದೆ. ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿ ಕಟ್ಟಿ, ಸಡಿಲ ಬಿಟ್ಟು, ಒದ್ದೆ ಜಮಖಾನ ಹಾಕಿ, ಇನ್ನೊಂದು ತುದಿ ಅವರ ಕೈಗೆ ಕೊಟ್ಟೆ. ಆರಾಮಾಗಿ ಹಿಡಿದರು. ಈಗ ಜಮಖಾನ ಬಾಗದ ಹಾಗೆ ನೇರ ಮಾಡಿ ಎಂದೆ. ಎಳೆದರು, ಮುಖ ಕೆಂಪಾಯಿತು, ನೇರ ಮಾತ್ರ ಆಗಲಿಲ್ಲ. ನೋಡಿದಿರಾ ಎಂದೆ. ಅಂಗೈ ಉಜ್ಜಿಕೊಂಡರು. ಸರಿ ಮೇಡಂ, ಆದ್ರೆ ಇದು ಬಟ್ಟೆ ಹಗ್ಗ ಎಂದು ಹೇಳಿ ಮೆಟ್ಟಿಲಿಳಿದರು.

ಭಾಯಿ ತಂತಿಯನ್ನು ಹೊಸದಾಗಿ ಕಟ್ಟಿಸಿದರು. ಈ ಸಲ ಇನ್ನೂ ದಪ್ಪ ತಂತಿ, ಫಿಲೇಚರಿನ ತಾರಸಿಯಲ್ಲೂ ಕಬ್ಬಿಣದ ಕಂಬ. ತಿರುಪೂ ದೊಡ್ಡದು. ಗಲ್ಲಿಯ ಕಾಲುವೆ ಹಾಗೇ ಬಾಯಿ ತೆರೆದುಕೊಂಡಿತ್ತು.

ಎಲ್ಲಾದರೂ ದೂರು ಕೊಡುವುದೆಂದು ನಿರ್ಧರಿಸಿ, ಮೊದಲು ಆಪಾಗೆ ಹೇಳೋಣವೆಂದು ಅವರ ಮನೆಗೆ ಹೋದೆ. ಮೊಣಕೈ ಪೂರ್ತಿ ನೀಡಲಾಗುತ್ತಿರಲಿಲ್ಲ, ಕೈಗೆ ಬಟ್ಟೆ ಸುತ್ತಿಕೊಂಡಿದ್ದರು. ನನ್ನ ಮಾತು ಮುಗಿಯಲು ಬಿಡಲಿಲ್ಲ.

"ನೀವು ಅರ್ಜಿ ಕೊಟ್ರೆ ತಂತಿ ಹೋಗತ್ತೆ, ಅದರ ಜೊತೆ ನಾನೂ ಹೋಗ್ತೀನಿ. ನೂಲು ತೆಗೆಯೋಕೆ ಕುದಿಯೋ ನೀರಲ್ಲಿ ಈ ಕೈ ಇಡಕ್ಕಾಗಲ್ಲ. ಹಲಗೆ ದಾಟಕ್ಕೆ ಮಂಡಿ ಆಗಲ್ಲ. ಆ ತಾರಸಿ ಬಿಟ್ರೆ ನಂಗೆಲ್ಲಿ ಕೆಲಸ ಟೀಚರಮ್ಮ?"

ಅಲ್ಲಿಗೇ ಹೋದರೆ ಈ ಸಲ ಬೀಳುತ್ತೀರಿ ಎಂದೆ. ನನ್ನ ದನಿ ಏರಿತ್ತು. ಆಪಾ ತಮ್ಮ ಬಲಗೈ ನೋಡಿಕೊಂಡು, ನಾನು ಹಗ್ಗ ಹಿಡ್ಕೊಂಡೇ ಇದ್ದೆನಲ್ಲ, ಅದು ನನ್ನನ್ನ ಯಾಕೆ ಎಳ್ಕೊಂಡು ಹೋಯ್ತು ಎಂದು ಕೇಳಿದರು. ಯಾರೂ ಕೇಳದ ಪ್ರಶ್ನೆ. ಅವರ ದುಪಟ್ಟದ ಒಂದು ತುದಿ ಅವರ ಎಡಗೈಗೆ ಕೊಟ್ಟು, ಇನ್ನೊಂದು ನಾನು ಹಿಡಿದು, ನಡುವೆ ನನ್ನ ಕೈಚೀಲ ತೂಗಿಬಿಟ್ಟೆ. ಜೋತುಬಿದ್ದಾಗ ಚೀಲ ಸುಮ್ಮನೆ ತೂಗಿತು. ನಾನು ಎಳೆದು ನೇರ ಮಾಡುತ್ತಾ ಹೋದ ಹಾಗೆ ಅವರ ಕೈ ಮುಂದಕ್ಕೆ ಬಂತು, ಹೆಗಲು ಬಂತು, ಕೂತಲ್ಲಿಂದ ಮೈ ಬಾಗಿತು. ಆಪಾ ತಟ್ಟನೆ ದುಪಟ್ಟ ಬಿಟ್ಟರು. ಚೀಲ ನೆಲಕ್ಕೆ ಬಿತ್ತು. ನಾನು ಅರ್ಜಿ ಕೊಡಲಿಲ್ಲ. ಅದಕ್ಕೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಅವರು ಕೆಲಸಕ್ಕೆ ಮರಳಿದ ಬೆಳಿಗ್ಗೆ ನಾನು ಬಸ್ಸಿನ ಹೊತ್ತಾದರೂ ತಾರಸಿಯಲ್ಲೇ ಇದ್ದೆ. ತಂತಿ ಅಳತೆಪಟ್ಟಿ ಇಟ್ಟು ಗೀಟು ಹಾಕಿದ ಹಾಗೆ ನೇರ ಇತ್ತು. ಆಚೆ ತಾರಸಿಯಲ್ಲಿ ಭಾಯಿ ಕ್ರೇಟು ಪೇರಿಸುತ್ತಿದ್ದರು. ಆಪಾ ಹಗ್ಗ ಮುಟ್ಟಲಿಲ್ಲ. ಕಂಬದ ಬುಡದಲ್ಲಿದ್ದ ಸ್ಪ್ಯಾನರನ್ನು ಎಡಗೈಯಲ್ಲಿ ತೆಗೆದುಕೊಂಡು, ತಿರುಪಿಗೆ ಹಾಕಿ, ಮೈಭಾರ ಬಿಟ್ಟು ತಿರುಗಿಸಿದರು. ತಂತಿ ನಡುವಿನಲ್ಲಿ ಇಳಿಯಿತು. ಇನ್ನೊಮ್ಮೆ ತಿರುಗಿಸಿದರು. ಮಕ್ಕಳ ಜೋಕಾಲಿಯ ಹಾಗೆ ಜೋತುಬಿದ್ದಿತು.

"ಏನಮ್ಮ ಮಾಡ್ತಿದ್ದೀಯ, ಪೂರ್ತಿ ಸಡಿಲ ಆಯ್ತಲ್ಲ," ಎಂದು ಭಾಯಿ ಆಚೆಯಿಂದ ಕೂಗಿದರು.

"ಆಗ್ಲಿ ಭಾಯಿ. ಬಿಗಿ ಬೇಕಿದ್ರೆ ಈ ಕಡೆ ಬಂದು ನೀವೇ ಎಳ್ಕೊಳ್ಳಿ."

ಭಾಯಿ ಏನೋ ಗೊಣಗಿದರು. ನನ್ನ ಕಡೆ ಒಮ್ಮೆ ನೋಡಿದರು, ಇದೆಲ್ಲ ನಿಮ್ಮದೇ ಪಾಠ ಎನ್ನುವಂತೆ. ಆಮೇಲೆ ತೊಟ್ಟಿಲನ್ನು ನೂಕಿದರು. ಅದು ನಡುವೆ ಬಹಳ ಕೆಳಗಿಳಿಯಿತು. ಆಪಾ ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ, ಹಿಡಿದು ಬಿಟ್ಟು, ಹಿಡಿದು ಬಿಟ್ಟು, ನಿಧಾನವಾಗಿ ಮೇಲೆಳೆದುಕೊಂಡರು. ಕಷ್ಟವಾಗುತ್ತಿತ್ತು, ಕಾಣುತ್ತಿತ್ತು.

ಸಂಜೆ ಭಾಯಿ ಬಂದು ಮತ್ತೆ ಬಿಗಿ ಮಾಡಿ ಹೋದರು. ಬೆಳಿಗ್ಗೆ ಆಪಾ ಮತ್ತೆ ಸಡಿಲ ಮಾಡಿದರು. ನಾವು ಆ ಮನೆ ಬಿಡುವ ತನಕ ಇದು ಹೀಗೇ ನಡೆಯಿತು, ಇಬ್ಬರೂ ಸೋಲಲಿಲ್ಲ. ದಿನವೂ ಬೆಳಿಗ್ಗೆ ಆಪಾ ಸ್ಪ್ಯಾನರ್ ಕೆಳಗಿಡುವವರೆಗೆ ನಾನು ತಾರಸಿಯಿಂದ ಇಳಿಯುತ್ತಿರಲಿಲ್ಲ. ಚಿಂತಾಮಣಿ ಬಸ್ಸು ಎಷ್ಟೋ ಸಲ ತಪ್ಪಿತು.