ನಾನು ಬಚ್ಚಿಟ್ಟ ಒಂದು ಅಲೆ

ಗಂಗಾವತಿಯ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಹಣ್ಣಿನ ಬುಟ್ಟಿಗೆ ಕಿನ್ನಾಳದ ಗೊಂಬೆಗಾರರು ಮಾಡಿದ ಕಟ್ಟಿಗೆಯ ಮಾವಿನಹಣ್ಣು ಸೇರಿಸಿ, ಅವರ ಹಲ್ಲು ಅಲುಗಾಡಿಸಿದವನು ನಾನು. ಭೌತಶಾಸ್ತ್ರ ಕಲಿಸಿದ್ದಕ್ಕಿಂತ ಅದಕ್ಕೇ ಜನ ಇವತ್ತಿಗೂ ನನ್ನನ್ನು ನೆನೆಯುತ್ತಾರೆ.

ಅಂದು ಆ ಬುಟ್ಟಿ ಹಿಡಿದು ಬಂದಿದ್ದ ಕುಷ್ಟಗಿಯ ವಿದ್ಯಾರ್ಥಿನಿಯೇ, ನಾನು ನಿವೃತ್ತನಾದ ಮೇಲೆ, ಸಂಶೋಧಕಿಯಾಗಿ, ಲ್ಯಾಪ್‌ಟಾಪ್ ಹಿಡಿದು ಕೊಪ್ಪಳದ ನಮ್ಮ ಮನೆಗೆ ಬರತೊಡಗಿದಳು. ಗುರುತ್ವದ ಅಲೆಗಳನ್ನು ಹಿಡಿಯಲು ಮುಂದೆ ಮೂರು ನೌಕೆಗಳು ಬಾಹ್ಯಾಕಾಶಕ್ಕೆ ಹೋಗಲಿವೆ. ಅಷ್ಟರೊಳಗೆ ಲೆಕ್ಕ ಮಾಡುವವರ ಕೈ ಪಳಗಬೇಕಲ್ಲ? ಅದಕ್ಕೆ ಕಂಪ್ಯೂಟರಿನಲ್ಲೇ ಹುಸಿ ದತ್ತಾಂಶ ಹುಟ್ಟಿಸಿ, ಗದ್ದಲದ ನಡುವೆ ಜೋಡಿ ನಕ್ಷತ್ರಗಳ ಅಲೆಗಳನ್ನು ಬಚ್ಚಿಟ್ಟು, ಹುಡುಕಿ ಎಂದು ಆ ಯೋಜನೆಯವರು ಇವಳಂಥವರಿಗೆ ಕಳಿಸುತ್ತಾರೆ.

ಬಚ್ಚಿಡುವುದೇ ಕೆಲಸ ಎಂದರೆ ನನ್ನ ಕೈ ಸುಮ್ಮನಿದ್ದೀತೇ? ಅವಳು ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಜೊತೆ ಮಾತಿಗೆ ಕುಳಿತಾಗ, ಅವಳ ಫೈಲಿಗೆ ನನ್ನದೂ ಒಂದು ಸಣ್ಣ ಅಲೆ ಬೆರೆಸಿದೆ. ಅದನ್ನು ಮತ್ತೆ ತೆಗೆಯಲು ಬೇಕಾಗುವ ಅಂಕಿಗಳನ್ನು ಬರೆದಿಡಲಿಲ್ಲ. ನನ್ನ ನೆನಪಿನ ಮೇಲೆ ನನಗೆ ಅಷ್ಟು ಜಂಬ.

ಐದು ವಾರ ಕಳೆದು, ಫಲಿತಾಂಶ ಕಳಿಸುವ ದಿನ ಬೆಳಿಗ್ಗೆ ಬಂದಳು. ಮುಖ ಬಾಡಿತ್ತು.

"ಸರ, ಒಂದು ಅಲಿ ಯಾವುದಕ್ಕೂ ಹೊಂದವಲ್ತು. ಅದರ ಸಲುವಾಗಿ ಉಳಿದಾವೆಲ್ಲಾ ಕೆಟ್ಟಾವ್ರಿ."

ಅಲೆಗಳು ಒಂದರ ಮೇಲೊಂದು ಬಿದ್ದಿರುವುದರಿಂದ ಎಲ್ಲವನ್ನೂ ಕೂಡಿಸಿಯೇ ಲೆಕ್ಕ ಮಾಡಬೇಕು. ಒಂದು ತಪ್ಪಿದರೆ ಪಕ್ಕದವೂ ತಪ್ಪುತ್ತವೆ.

ನಾನು ನಕ್ಕೆ. "ಅದು ನಂದವಾ! ಹಿಡದಿ ನೋಡು, ಶಹಬ್ಬಾಸ್!"

ಅವಳು ನಗಲಿಲ್ಲ. "ಹಂಗಾರ ತೆಗೀರಿ."

ಕಣ್ಣು ಮುಚ್ಚಿ ಕುಳಿತೆ. ಒಂದು ಅಂಕಿಯೂ ನೆನಪಾಗಲಿಲ್ಲ. ಹೊಸದಾಗಿ ಫೈಲ್ ತರಿಸಬಹುದಿತ್ತು; ಆದರೆ ಲೆಕ್ಕ ಓಡಿಸುವ ದೊಡ್ಡ ಕಂಪ್ಯೂಟರಿನಲ್ಲಿ ಅವಳ ಪಾಳಿ ಮುಗಿದುಹೋಗಿತ್ತು.

"ಇನ್ನೂ ಎಷ್ಟು ಹಾಕೀರಿ, ಸರ?"

"ಒಂದ ಒಂದವಾ. ಖರೇನ."

"ಮಾವಿನಹಣ್ಣಿನ ದಿನಾನೂ ಹಿಂಗ ಅಂದಿದ್ರಿ. ಆಮ್ಯಾಲ ನೋಡಿದ್ರ ಬಾಳಿಹಣ್ಣೂ ಕಟ್ಟಿಗೀದ ಇತ್ತು."

ಈ ಸಲ ನಿಜವಾಗಿಯೂ ಒಂದೇ ಇತ್ತು. ಹೇಗೆ ನಂಬಿಸಲಿ?

ಫಲಿತಾಂಶ ಕಳಿಸುವುದಿಲ್ಲ, ದತ್ತಾಂಶ ಕೆಡಿಸಿಕೊಂಡದ್ದು ತನ್ನದೇ ತಪ್ಪು ಎಂದು ಅವಳು ಮೇಲ್ ಬರೆದಳು.

"ನನ್ನ ಹೆಸರು ಹಾಕವಾ," ಎಂದೆ.

"ಕಲಿಸಿದ ಗುರುಗಳ ಹಿಂಗ ಮಾಡ್ಯಾರ ಅಂದ್ರ ಯಾರು ನಂಬತಾರ್ರಿ, ಸರ?" ಎಂದು ಮೇಲ್ ಕಳಿಸುವ ಗುಂಡಿ ಒತ್ತಿದಳು.